ಒಂಬತ್ತನೇ ಕಾಲಮ್ಮಿನ ಎರಡು ಗೀಟು

ಹೊಸದಾಗಿ ಕೆಲಸಕ್ಕೆ ಸೇರಿರುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ ತರಬೇತಿಯಲ್ಲಿ ಮಕ್ಕಳ ಮನಸ್ಸು, ಕಲಿಕೆಯ ಹಂತ, ಪಾಠಯೋಜನೆ ಎಲ್ಲವನ್ನೂ ಹೇಳಿಕೊಟ್ಟಿರುತ್ತಾರೆ. ದಾಖಲಾತಿ ಪುಸ್ತಕ ಬರೆಯುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಮೂವತ್ತಾರು ವರ್ಷ ಮಾಗಡಿ, ಕನಕಪುರ, ಚನ್ನಪಟ್ಟಣದ ಸರ್ಕಾರಿ ಶಾಲೆಗಳಲ್ಲಿ ಚಾಕ್‌ಪೀಸಿನ ಪುಡಿ ಕುಡಿದು ಹೋದ ಮೇ ತಿಂಗಳಲ್ಲಿ ನಿವೃತ್ತಳಾದೆ. ಯಾವಾಗ ಬಡ್ತಿ ಬಂತು, ಯಾರು ಅಡ್ಡಗಾಲು ಹಾಕಿದರು ಎಂಬ ಕಥೆ ನಿಮಗೆ ಬೇಡ. ಅದನ್ನು ಊಟದ ಹೊತ್ತಿಗೆ ಶುರುಮಾಡಿದರೆ ನನ್ನ ಯಜಮಾನರು ಮಜ್ಜಿಗೆ ಅನ್ನವನ್ನೂ ಬಿಟ್ಟು ಎದ್ದು ಹೋಗುತ್ತಾರೆ.

ದಾಖಲಾತಿ ಪುಸ್ತಕ ಎಂದರೆ ಕೆಂಪು ಬಟ್ಟೆಯ ರಟ್ಟು ಹಾಕಿದ, ಇಬ್ಬರು ಮಕ್ಕಳು ಹೊತ್ತು ತರಬೇಕಾದ ಒಂದು ದೊಡ್ಡ ಪುಸ್ತಕ. ಪ್ರತಿ ಮಗುವಿಗೂ ಒಂದು ಸಾಲು. ಹೆಸರು, ತಂದೆ, ತಾಯಿ, ಹುಟ್ಟಿದ ದಿನ, ಹುಟ್ಟಿದ ಸ್ಥಳ, ಮಾತೃಭಾಷೆ ಅಂತ ಕಾಲಮ್ಮುಗಳು ಸಾಗುತ್ತವೆ. ಪ್ರತಿ ವರ್ಷ ಶಾಲೆ ತೆರೆದಾಗ ಹೊಸ ಪುಟ. ನೋಡುವುದಕ್ಕೆ ಸಾಧು ಪ್ರಾಣಿ. ಆದರೆ ಅದರಲ್ಲಿ ನೀವು ಒಮ್ಮೆ ಬರೆದದ್ದನ್ನು ಬ್ರಹ್ಮ ಬಂದರೂ ತಿದ್ದುವ ಹಾಗಿಲ್ಲ. ತಿದ್ದಬೇಕಾದರೆ ಜಿಲ್ಲಾ ಕಚೇರಿಯ ಆದೇಶ ಬೇಕು, ಬ್ರಹ್ಮನ ಕೈಯಿಂದ ಒಂದು ಅಫಿಡವಿಟ್ಟೂ ಬೇಕು.

ನಾನು ಸೇರಿದ ಕಾಲದಲ್ಲಿ ಯಾವ ತಾಯಿಗೂ ಮಗುವಿನ ತಾರೀಖು ಗೊತ್ತಿರುತ್ತಿರಲಿಲ್ಲ. "ರಾಗಿ ಕುಯ್ಲಾಗ್ತಿತ್ತು ಮೇಡಂ" ಅನ್ನೋರು. "ನಮ್ ಎಮ್ಮೆ ಈಯ್ತಲ್ಲ, ಅದ್ರ ಮುಂದಿನ್ ವಾರ" ಅನ್ನೋರು. ಎಮ್ಮೆ ಯಾವಾಗ ಈಯಿತು ಎಂದು ನಾನು ಯಾರನ್ನು ಕೇಳಲಿ? ವಯಸ್ಸಿನ ಲೆಕ್ಕಕ್ಕೆ ಸರಿಹೋಗಲಿ ಅಂತ ಎಲ್ಲ ಮಕ್ಕಳನ್ನೂ ಜೂನ್ ಒಂದನೇ ತಾರೀಖಿಗೆ ಹುಟ್ಟಿಸುತ್ತಿದ್ದೆವು. ನನ್ನನ್ನೂ ನನ್ನ ಮೇಷ್ಟ್ರು ಅವತ್ತೇ ಹುಟ್ಟಿಸಿದ್ದರು. ಒಂದನೇ ತಾರೀಖು ಹುಟ್ಟಿದ ನೌಕರರು ಹಿಂದಿನ ತಿಂಗಳ ಕೊನೆಗೆ ನಿವೃತ್ತರಾಗಬೇಕು. ಹಾಗಾಗಿ ನಮ್ಮ ಕಡೆ ಮೇ ಮೂವತ್ತೊಂದು ಬಂತೆಂದರೆ ಮೇಷ್ಟ್ರುಗಳ ಸಾಲು ಸಾಲು ಬೀಳ್ಕೊಡುಗೆ. ಚನ್ನಪಟ್ಟಣದ ಬಸ್‌ಸ್ಟ್ಯಾಂಡಿನ ಹೂವಿನವರಿಗೆ ಮದುವೆ ಮುಹೂರ್ತಕ್ಕಿಂತ ಅವತ್ತು ಹೆಚ್ಚು ವ್ಯಾಪಾರ.

ನನ್ನ ಮೊದಲ ಎಡವಟ್ಟು ಮಾಗಡಿ ಕಡೆಯ ಒಂದು ಶಾಲೆಯಲ್ಲಿ ಆಯಿತು. ಅಣ್ಣ ತಮ್ಮ ಇಬ್ಬರನ್ನು ಸೇರಿಸಿಕೊಂಡೆ. ಅಣ್ಣನಿಗೆ ಜೂನ್ ಒಂದು ಹಾಕಿದ್ದೆ. ಮರುವರ್ಷ ತಮ್ಮ ಬಂದಾಗ ವಯಸ್ಸು ಸಾಲದು. ಹಿಂದಕ್ಕೆ ಎಳೆದೂ ಎಳೆದೂ ಅವನನ್ನು ಅಣ್ಣ ಹುಟ್ಟಿದ ವರ್ಷದ ಅಕ್ಟೋಬರಿನಲ್ಲಿ ತಂದು ನಿಲ್ಲಿಸಿದೆ. ತಪಾಸಣೆಗೆ ಬಂದ ರಂಗಸ್ವಾಮಿ ಸಾಹೇಬರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. "ಈ ತಾಯಿ ಎಲ್ಲಿದ್ದಾಳಮ್ಮ? ಕರೆಸಿ, ಸನ್ಮಾನ ಮಾಡೋಣ. ನಾಲ್ಕು ತಿಂಗಳಿಗೊಂದು ಹೆರೋದು ಅಂದ್ರೆ ಹುಡುಗಾಟವಲ್ಲ" ಎಂದರು. ನನಗೆ ನೆಲ ಬಾಯಿಬಿಟ್ಟರೆ ಸಾಕಾಗಿತ್ತು. ಆ ಹುಡುಗರಿಬ್ಬರೂ ಈಗ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರುಗಳು. ಕಾಗದದಲ್ಲಿ ಇವತ್ತಿಗೂ ಅವರು ನಾಲ್ಕು ತಿಂಗಳ ಅಂತರದ ಅಣ್ಣ ತಮ್ಮಂದಿರೇ, ಯಾರಿಗೂ ಹೇಳಬೇಡಿ.

ಈಗ ಒಂಬತ್ತನೇ ಕಾಲಮ್ಮಿಗೆ ಬರುತ್ತೇನೆ. ಅದರ ತಲೆಯ ಮೇಲೆ 'ರಾಷ್ಟ್ರೀಯತೆ' ಎಂದು ಅಚ್ಚಾಗಿರುತ್ತದೆ. ಅದನ್ನು ತುಂಬುವ ವಿದ್ಯೆಯನ್ನು ನನ್ನ ಮೊದಲ ಹೆಡ್‌ಮೇಷ್ಟ್ರು ಪುಟ್ಟಸ್ವಾಮಯ್ಯನವರು ಕಲಿಸಿದರು. ಬೀಡಿ ಸೇದುತ್ತಾ, ಹೊಗೆಯನ್ನು ಕಿಟಕಿಯ ಕಡೆ ಬಿಡುತ್ತಾ, "ಇಂಕ್ ದಂಡ ಮಾಡ್ಬ್ಯಾಡ ಕಣಮ್ಮ ಜಯಾ. ಮೊದ್ಲುನೇ ಸಾಲ್ನಾಗೆ ಭಾರತೀಯ ಅಂತ ಬರಿ. ಕೆಳಗೆಲ್ಲಾ ಎರಡೆರಡು ಗೀಟು ಎಳ್ಕೊಂಡ್ ಹೋಗು. ಲಂಡನ್ನಿಂದ ಬಂದು ಯಾರ್ ಸೇರ್ತಾರೆ ನಮ್ ಸ್ಕೂಲ್ಗೆ?" ಎಂದರು. ಎರಡು ಗೀಟು ಎಂದರೆ ಮೇಲಿನಂತೆ. ಅವತ್ತಿನಿಂದ ವರ್ಷಕ್ಕೆ ಒಂದು ಸಲ ಒಬ್ಬ ಭಾರತೀಯನನ್ನು ಬರೆದು, ಮಿಕ್ಕವರಿಗೆಲ್ಲ ಗೀಟೆಳೆದೆ. ನನ್ನ ಸರ್ವೀಸಿನಲ್ಲಿ ನಾನು ಅತ್ಯಂತ ವೇಗವಾಗಿ ಮಾಡುತ್ತಿದ್ದ ಕೆಲಸ ಅದೊಂದೇ.

ನನ್ನ ಕೊನೆಯ ಶಾಲೆ ವಿರೂಪಾಕ್ಷಿಪುರ ಹೋಬಳಿಯ ಒಂದು ಹಳ್ಳಿಯದು. ಏಳು ವರ್ಷದ ಹಿಂದೆ ಅಲ್ಲಿ ಶಾಲೆ ತೆರೆದ ದಿನ ಮಂಗಳವಾರ, ಅದರ ಮೇಲೆ ಅಮಾವಾಸ್ಯೆ. ನಮ್ಮ ಗೌಡರುಗಳು ಅಂಥ ದಿನ ಎಮ್ಮೆಯನ್ನೂ ಹೊಸ ಕೊಟ್ಟಿಗೆಗೆ ಕಟ್ಟುವುದಿಲ್ಲ, ಮಗುವನ್ನು ಶಾಲೆಗೆ ಕಟ್ಟುತ್ತಾರೆಯೇ? ನಾನು ಒಬ್ಬಳೇ ಪುಸ್ತಕ ಬಿಚ್ಚಿಕೊಂಡು ನೊಣ ಹೊಡೆಯುತ್ತಾ ಕುಳಿತಿದ್ದೆ. ಮಧ್ಯಾಹ್ನದ ಹೊತ್ತಿಗೆ ಒಬ್ಬ ತೆಳ್ಳನೆಯ ಹೆಂಗಸು ಆರು ವರ್ಷದ ಹುಡುಗಿಯ ಕೈ ಹಿಡಿದು ಬಾಗಿಲಲ್ಲಿ ನಿಂತಳು.

ಅವಳ ಹೆಸರು ರೋಕೇಯಾ. ಊರಿನವರ ಬಾಯಲ್ಲಿ ಆಗಲೇ ರುಕ್ಕಮ್ಮ ಆಗಿದ್ದಳು. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ ಗಂಡ ಹೆಂಡತಿಯನ್ನು ಬೋರೇಗೌಡರು ತಮ್ಮ ಹಿಪ್ಪುನೇರಳೆ ತೋಟಕ್ಕೆ ಕರೆತಂದಿದ್ದರು. ಬೋರೇಗೌಡರೆಂದರೆ ನಮ್ಮ ಶಾಲಾ ಸಮಿತಿಯ ಅಧ್ಯಕ್ಷರು, ಊರಿನಲ್ಲಿ ಎಲ್ಲರಿಗಿಂತ ಜೋರು ಗಂಟಲಿನವರು. ಯಾವೂರಮ್ಮ ಅಂತ ನಾನು ಸುಮ್ಮನೆ ವಾಡಿಕೆಗೆ ಕೇಳಿದೆ. ಇವಳು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಳು. ಏಳು ವರ್ಷದವಳಿದ್ದಾಗ ಚಿಕ್ಕಮ್ಮನ ಸೆರಗು ಹಿಡಿದು ಬೆಳಗಿನ ಜಾವ ಒಂದು ಹೊಳೆ ದಾಟಿದ್ದಳಂತೆ. ಆಚೆ ದಡ ಬಾಂಗ್ಲಾ, ಈಚೆ ದಡ ನಾವು. ಅವಳ ಬಳಿ ಒಂದು ಚೂರು ಕಾಗದವೂ ಇರಲಿಲ್ಲ.

ನಾನು ಗಾಬರಿಯಿಂದ ಹಿಂದೆ ಮುಂದೆ ನೋಡಿದೆ. ಯಾರೂ ಇರಲಿಲ್ಲ, ಅಮಾವಾಸ್ಯೆಯ ಪುಣ್ಯ. "ಪುಸ್ತಕದಲ್ಲಿ ಕೇಳಿರೋದು ಮಗು ಹುಟ್ಟಿದ ಸ್ಥಳ ಕಣಮ್ಮ, ನಿಂದಲ್ಲ. ಇವಳು ಎಲ್ಲಿ ಹುಟ್ಟಿದ್ದು?" ಎಂದೆ. "ರಾಮನಗರದಾಗೆ, ಶೆಡ್ ಹಿಂದ್ಗಡೆ" ಎಂದಳು. ಅದು ಬರೆಯಲು ಅಡ್ಡಿಯಿರಲಿಲ್ಲ. ಕಾಗದವಿಲ್ಲ ಎಂದು ಮಗುವನ್ನು ಬಾಗಿಲಿಂದ ವಾಪಸ್ ಕಳಿಸುವಂತಿಲ್ಲ ಎಂಬ ಕಾನೂನೂ ಇದೆ. ಆದರೂ ನಾನು ಪೆನ್ನು ಎತ್ತದೆ ಕುಳಿತಿರುವುದನ್ನು ಕಂಡು ಅವಳು ಎರಡು ಕೈಯನ್ನೂ ಮೇಜಿನ ಮೇಲೆ ಚಾಚಿದಳು. ವರ್ಷಗಟ್ಟಲೆ ರೇಷ್ಮೆಗೂಡು ಕುದಿಯುವ ನೀರಿಗೆ ಬೆರಳು ಅದ್ದಿ ಅದ್ದಿ ಎಳೆ ಹುಡುಕಿದ ಕೈ. ತುದಿಗಳು ಬೆಂದು, ಸುಕ್ಕಾಗಿ, ಗೆರೆಗಳೇ ಅಳಿಸಿಹೋಗಿದ್ದವು.

"ಇವ್ಳ ಬೆಳ್ಳು ಹಿಂಗಾಗ್ಬಾರ್ದು ಮೇಡಂ. ಅಷ್ಟೇಯ ನಾ ಕೇಳಾದು" ಎಂದಳು.

ಬರೆದೆ. ಮೊಯ್ನಾ, ಜೂನ್ ಒಂದು, ರಾಮನಗರ. ಒಂಬತ್ತನೇ ಕಾಲಮ್ಮಿನಲ್ಲಿ ಕೈ ತನ್ನ ಪಾಡಿಗೆ ತಾನು 'ಭಾರತೀಯ' ಎಂದು ಬರೆಯಿತು. ವರ್ಷದ ಮೊದಲ ಸಾಲಿಗೆ ಬರೆಯುವ ಮಾತು ಅದು, ನಾನು ಯೋಚನೆ ಮಾಡಿ ಬರೆಯಲಿಲ್ಲ. ಮಾರನೇ ದಿನ ಅಮಾವಾಸ್ಯೆ ಕಳೆದು ಊರಿಗೆ ಊರೇ ಬಂತು. ಹದಿನೆಂಟು ಮಕ್ಕಳು. ಬೋರೇಗೌಡರು ಎಲ್ಲರನ್ನೂ ಹಿಂದಕ್ಕೆ ತಳ್ಳಿ ತಮ್ಮ ಮಗ ಯಶಸ್‌ನನ್ನು ಎರಡನೇ ಸಾಲಿಗೆ ಸೇರಿಸಿದರು. ನಾನು ಸರಸರ ಗೀಟೆಳೆದು ಪುಸ್ತಕ ಮುಚ್ಚಿದೆ.

ಮೊಯ್ನಾ ಏನು ದೊಡ್ಡ ಪ್ರತಿಭೆ ಎಂದು ಹೇಳಿ ನಿಮ್ಮನ್ನು ಅಳಿಸುವುದಿಲ್ಲ. ಲೆಕ್ಕದಲ್ಲಿ ಸಾಧಾರಣ, ಮಾತಿನಲ್ಲಿ ಮಹಾ ಜೋರು. ನಮ್ಮ ಮಕ್ಕಳಿಗೆ ಬಂಗಾಳಿಯಲ್ಲಿ ಬೈಯುವುದನ್ನು ಕಲಿಸಿ, ತಾನು ನಮ್ಮ ಬೈಗುಳಗಳನ್ನೆಲ್ಲ ಕಲಿತಳು. ಮೂರನೇ ಕ್ಲಾಸಿಗೆ ಬರುವ ಹೊತ್ತಿಗೆ "ಯಾಕ್ಲಾ ಗುರಾಯಿಸ್ತೀಯ?" ಎಂದು ಯಶಸ್‌ನನ್ನು ಬೆಂಚಿನಿಂದ ಕೆಳಗೆ ತಳ್ಳುವಷ್ಟು ಈ ಸೀಮೆಯವಳಾಗಿದ್ದಳು.

ಅವಳು ಏಳನೇ ಕ್ಲಾಸಿನಲ್ಲಿದ್ದಾಗ ಗ್ರಹಚಾರ ಬಂತು. ಅವಳಪ್ಪ ಆಲಂ, ಬೋರೇಗೌಡರ ತೋಟ ಬಿಟ್ಟು ಅವರ ದಾಯಾದಿಯ ತೋಟಕ್ಕೆ ಹೋದ. ಅಲ್ಲಿ ಮನೆಗೆ ತಾರಸಿ ಇತ್ತು, ಸೋರುತ್ತಿರಲಿಲ್ಲ, ಕಾರಣ ಅಷ್ಟೇ. ಆರು ವರ್ಷ ಬೋರೇಗೌಡರ ಕಣ್ಣಿಗೆ ಒಳ್ಳೆಯ ಕೆಲಸಗಾರನಾಗಿದ್ದ ಆಲಂ ರಾತ್ರಿ ಕಳೆದು ಬೆಳಗಾಗುವುದರಲ್ಲಿ ನುಸುಳುಕೋರನಾದ. ಗೌಡರು ಮೂರು ಕಚೇರಿಗೆ ಅರ್ಜಿ ಬರೆದರು. ಆ ಅರ್ಜಿಯಲ್ಲಿ 'ದೇಶದ ಭದ್ರತೆ' ಎಂಬ ಮಾತು ನಾಲ್ಕು ಸಲ ಇತ್ತು, ತಾರಸಿಯ ಮಾತು ಒಮ್ಮೆಯೂ ಇರಲಿಲ್ಲ.

ಮಾರ್ಚಿನಲ್ಲಿ ಪರಿಶೀಲನೆಗೆಂದು ಒಬ್ಬ ಅಧಿಕಾರಿ ಬಂದರು. ನನ್ನ ಮಗನ ವಯಸ್ಸಿನವರು, ಇಸ್ತ್ರಿ ಮುರಿಯದ ಅಂಗಿ. ಹಿಂದಿನ ದಿನವೇ ನಮ್ಮ ಮೇಲಿನ ಸಾಹೇಬರು ಫೋನ್ ಮಾಡಿದ್ದರು: "ರಿಟೈರ್ ಆಗೋ ಟೈಮಲ್ಲಿ ತಲೆನೋವು ಯಾಕಮ್ಮ? ಅವರು ಹೇಳಿದ ಕಡೆ ಕೆಂಪು ಇಂಕಲ್ಲಿ ಹೊಡೆದುಹಾಕಿ, ಸಹಿ ಮಾಡಿ." ನನ್ನ ಪಿಂಚಣಿ ಕಡತ ಅದೇ ಸಾಹೇಬರ ಮೇಜಿನ ಮೇಲಿತ್ತು. ನಾನು ಧೈರ್ಯವಂತೆ ಎಂದು ನೀವು ತಿಳಿಯಬಾರದು, ಅದಕ್ಕೇ ಹೇಳುತ್ತಿದ್ದೇನೆ. ಸಾಲು ಹೊಡೆದರೆ ಮೊಯ್ನಾಗೆ ಟಿ.ಸಿ. ಇಲ್ಲ, ಟಿ.ಸಿ. ಇಲ್ಲದಿದ್ದರೆ ಹೈಸ್ಕೂಲು ಇಲ್ಲ. ಅವಳು ಸೀದಾ ಕುದಿಯುವ ನೀರಿನ ಮುಂದೆ ಹೋಗಿ ಕೂರುತ್ತಾಳೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಕೆಂಪು ಪೆನ್ನಿನ ಕ್ಯಾಪ್ ತೆಗೆದೆ.

ಬೋರೇಗೌಡರು ತಮಾಷೆ ನೋಡಲು ಬಂದು ಕುರ್ಚಿ ಎಳೆದುಕೊಂಡು ಕುಳಿತಿದ್ದರು. ಅಧಿಕಾರಿ ಮೊದಲ ಸಾಲಿನ ಮೇಲೆ ಬೆರಳಿಟ್ಟು, "ಇದು ಪೂರ್ತಿ ರದ್ದು ಅಂತ ಬರೀರಿ" ಎಂದರು. ಪೆನ್ನು ಎಲ್ಲಿಂದ ಶುರುಮಾಡಲಿ ಎಂದು ನಾನು ಪುಟದ ಮೇಲೆ ಕಣ್ಣಾಡಿಸಿದೆ. ಆಗ ಕಂಡಿತು. 'ಭಾರತೀಯ' ಎಂಬ ಒಂದು ಪದ, ಅದರ ಕೆಳಗೆ ಹದಿನೆಂಟು ಜೊತೆ ಗೀಟು. ಮೂವತ್ತಾರು ವರ್ಷ ಬರೆದ ಪುಸ್ತಕವನ್ನು ನಾನು ಅವತ್ತು ಮೊದಲ ಸಲ ಓದಿದೆ.

"ಹೊಡ್ದಾಕುದ್ರಾ ಮೇಡಂ?" ಎಂದು ಗೌಡರು ಅವಸರ ಮಾಡಿದರು.

"ಹೊಡೀತೀನಿ ಗೌಡ್ರೇ. ಅದಕ್ಕೆ ಮುಂಚೆ ಎರಡನೇ ಸಾಲು ಒಸಿ ಓದಿ."

"ನಮ್ ಯಶಸ್‌ದು."

"ಒಂಬತ್ತನೇ ಕಾಲಂ?"

"ಅದ್ರಾಗೇನೂ ಇಲ್ವಲ್ಲ. ಎರಡ್ ಗೀಟ್ ಐತೆ."

"ಗೀಟು ಅಂದ್ರೆ ಮೇಲಿನಂತೆ. ಮೇಲೆ ರುಕ್ಕಮ್ಮನ ಮಗಳಿದ್ದಾಳೆ. ಅವಳು ಭಾರತೀಯ, ಅದಕ್ಕೇ ನಿಮ್ಮ ಮಗನೂ ಭಾರತೀಯ."

ಗೌಡರು ಪುಸ್ತಕವನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದರು. "ಅವ್ಳನ್ನ ಹೊಡ್ದಾಕ್ಬುಟ್ರೆ?"

"ಹದಿನೆಂಟು ಮಕ್ಕಳೂ ಮೇಲಿನಂತೆ. ಅವರನ್ನೂ ಹೊಡೆದುಹಾಕಿದ ಹಾಗೆ."

ಅಧಿಕಾರಿ ನಕ್ಕು, ಕೆಳಗಿನವರಿಗೆಲ್ಲ ಬಿಡಿಬಿಡಿಯಾಗಿ ಬರೆಯಿರಿ ಎಂದರು. ಹಾಗೆ ಬರೆಯಲು ನಿಯಮವಿಲ್ಲ ಎಂದೆ. ಅವರು ಯಾರಿಗೋ ಫೋನ್ ಮಾಡಿದರು, ನಗು ಹೋಯಿತು. ಪ್ರತಿ ಮಗುವಿನ ತಂದೆಯೂ ತನ್ನ ರಾಷ್ಟ್ರೀಯತೆಗೆ ದಾಖಲೆ ಕೊಟ್ಟು, ಅಫಿಡವಿಟ್ಟು ಹಾಕಿ, ಜಿಲ್ಲಾ ಕಚೇರಿಯಿಂದ ಆದೇಶ ತರಬೇಕಂತೆ. ಅಲ್ಲಿಯವರೆಗೆ ಆ ಪುಟದ ಯಾರಿಗೂ ಟಿ.ಸಿ. ಇಲ್ಲ. ಬೋರೇಗೌಡರು ಎದ್ದು ನಿಂತರು.

"ನಾನ್ ಇಂಡಿಯಾದೋನು ಅನ್ನಕ್ಕೆ ದಾಖ್ಲೆ ಬೇಕಾ? ನಮ್ಮಪ್ಪ, ನಮ್ ತಾತ, ಎಲ್ಲಾ ಇದೇ ಮಣ್ಣು ಕಣ್ರೀ! ಪಾಣಿ ತಂದ್ ಎಸೀಲಾ?"

"ಪಹಣಿ ಜಮೀನಿನ ದಾಖಲೆ, ನಿಮ್ಮದಲ್ಲ" ಎಂದರು ಅಧಿಕಾರಿ.

"ಆಧಾರ್ ಐತೆ."

"ಅದು ಗುರುತಿಗೆ ಮಾತ್ರ. ನಿಮ್ಮ ಜನನ ಪ್ರಮಾಣಪತ್ರ ಇದೆಯಾ?"

"ನಮ್ಮವ್ವ ನನ್ನ ಹೆತ್ತಿದ್ದು ರಾಗಿ ಕಣ್ದಾಗೆ. ಅಲ್ಲಿ ಯಾವ್ ಕ್ಲರ್ಕ್ ಕುಂತಿದ್ದ ಬರ್ಕೊಳಾಕೆ?"

"ಹಾಗಾದ್ರೆ ನೀವು ಓದಿದ ಶಾಲೆ ದಾಖಲೆ ತನ್ನಿ."

ಗೌಡರು ಓದಿದ್ದು ನಮ್ಮ ಶಾಲೆಯಲ್ಲೇ. ಕಬ್ಬಿಣದ ಬೀರುವಿನ ತಳದಿಂದ ಹಳೆಯ ಪುಸ್ತಕ ತೆಗೆದೆವು. ಬೆಳ್ಳಿಹುಳ ತಿಂದು ಅಂಚು ಜಾಲರಿಯಾಗಿತ್ತು. ಗೌಡರ ಸಾಲು ಸಿಕ್ಕಿತು. ಹುಟ್ಟಿದ್ದು ಜೂನ್ ಒಂದು, ಕೇಳಬೇಕೇ? ಒಂಬತ್ತನೇ ಕಾಲಮ್ಮಿನಲ್ಲಿ ಎರಡು ಗೀಟು. ಗೌಡರು ಉಗುರಿನಿಂದ ಗೀಟುಗಳನ್ನು ಹಿಡಿದು ಒಂದೊಂದೇ ಸಾಲು ಮೇಲೆ ಹತ್ತಿದರು. ಹದಿನಾಲ್ಕು ಸಾಲು ಹತ್ತಿದ ಮೇಲೆ 'ಭಾರತೀಯ' ಎಂಬ ಪದ ಬಂತು. ಅದು ಸೆಲ್ವಿ ಎಂಬ ಹುಡುಗಿಯ ಸಾಲು. ತಂದೆ ಕಲ್ಲು ಕ್ವಾರಿಯ ಕೂಲಿ. ಮಾತೃಭಾಷೆ ತಮಿಳು. ಹುಟ್ಟಿದ ಸ್ಥಳದ ಮುಂದೆ 'ಸಿಲೋನ್' ಎಂದಿತ್ತು, ಈಗಿನ ಶ್ರೀಲಂಕಾ. ಊರಿನ ಮಕ್ಕಳಿಗಿಂತ ಎರಡು ದಿನ ಮುಂಚೆ ಸೇರಿದ್ದಳು. ಕ್ವಾರಿಯವರಿಗೂ ನಮ್ಮ ಪಂಚಾಂಗ ಗೊತ್ತಿರಲಿಲ್ಲ, ಶಾಲೆ ತೆರೆದ ದಿನವೇ ಬಂದಿದ್ದಾರೆ. ಊರಿನವರು ಒಳ್ಳೆಯ ದಿನ ಕಾಯುತ್ತಾ ಹಿಂದೆ ಉಳಿದಿದ್ದಾರೆ.

ಗೌಡರು ಮಕ್ಕಳ ಬೆಂಚಿನ ಮೇಲೆ ಕುಳಿತುಬಿಟ್ಟರು. ಆ ಜೋರು ಗಂಟಲು ಎಲ್ಲಿಗೆ ಹೋಯಿತೋ. "ಸೆಲ್ವಿ... ನಾನ್ ಸ್ಲೇಟ್ ಒಡ್ಕೊಂಡಾಗ ಅವ್ಳದನ್ನೇ ಕೊಟ್ಟಿದ್ಲು. ನಮ್ಮಪ್ಪ ಹೊಡೀತಾನೆ ಅಂತ" ಎಂದರು. ನಾನು ಕೆಂಪು ಪೆನ್ನಿಗೆ ಕ್ಯಾಪ್ ಹಾಕಿದೆ.

ಆಮೇಲೆ ಗೌಡರು ಅಧಿಕಾರಿಯ ಕಡೆ ತಿರುಗಿ, "ಆ ಅರ್ಜಿ ನಂದೇ ಸಾರ್. ಸಿಟ್ನಾಗ್ ಬರ್ದ್ಬುಟ್ಟೆ. ವಾಪಸ್ ತಕ್ಕಂತೀನಿ" ಎಂದರು. ಅಧಿಕಾರಿಗೂ ಪಾಪ, ಹದಿನೆಂಟು ಗೌಡರ ಅಫಿಡವಿಟ್ಟು ಹೊತ್ತು ತಿರುಗುವ ಆಸೆಯಿರಲಿಲ್ಲ. 'ದೂರುದಾರರು ದೂರನ್ನು ಹಿಂಪಡೆದಿರುತ್ತಾರೆ. ಶಾಲಾ ದಾಖಲೆಯಲ್ಲಿ ತಿದ್ದುಪಡಿಗೆ ಅವಕಾಶ ಕಂಡುಬಂದಿರುವುದಿಲ್ಲ' ಎಂದು ಬರೆದು, ಟೀ ಕುಡಿದು ಹೊರಟರು. ಬೋರೇಗೌಡರು ಸಂತರಾದರು ಎಂದುಕೊಳ್ಳಬೇಡಿ. ಮರುವಾರವೇ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, ಮನೆಗೆ ಹೊಸ ಶೀಟು ಹಾಕಿಸುತ್ತೇನೆ, ಆಲಂ ವಾಪಸ್ ಬರುತ್ತಾನಾ ಕೇಳಿ ಎಂದರು.

ಮೊಯ್ನಾಳ ಸಾಲು ಉಳಿದದ್ದು ನನ್ನ ಸೋಮಾರಿತನದಿಂದ. ಗೀಟೆಳೆಯುವ ಬದಲು ನಾನು ಶ್ರದ್ಧೆಯಿಂದ ಪ್ರತಿ ಮಗುವಿಗೂ ಪದ ಬರೆದಿದ್ದರೆ ಅವತ್ತು ಒಬ್ಬಳನ್ನೇ ಆರಿಸಿ ಹೊಡೆಯಬಹುದಿತ್ತು, ನಾನು ಹೊಡೆಯುತ್ತಲೂ ಇದ್ದೆ. ಇದನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಆಲಂ ಗೌಡರ ತೋಟಕ್ಕೂ ಬರಲಿಲ್ಲ, ದಾಯಾದಿಯ ತೋಟದಲ್ಲೂ ಉಳಿಯಲಿಲ್ಲ. ಒಂದು ಅರ್ಜಿ ವಾಪಸ್ಸಾದರೆ ಇನ್ನೆರಡು ಯಾವ ಮೇಜಿನಲ್ಲಿವೆಯೋ ಯಾರಿಗೆ ಗೊತ್ತು? ಗಂಡ ಹೆಂಡತಿ ಊರು ಬಿಡುವುದೆಂದು ತೀರ್ಮಾನಿಸಿದರು. ಮೇ ಮೂವತ್ತೊಂದರ ಬೆಳಿಗ್ಗೆ ರೋಕೇಯಾ ಮಗಳೊಂದಿಗೆ ಟಿ.ಸಿ.ಗೆ ಬಂದಳು. ಹೊರಗೆ ನನ್ನ ಬೀಳ್ಕೊಡುಗೆಗೆ ಶಾಮಿಯಾನ ಕಟ್ಟುತ್ತಿದ್ದರು. ಹೂವಿನ ಹಾರ ಸಿಗದೆ ಯಾರೋ ಸಾತನೂರಿಗೆ ಹೋಗಿದ್ದರು. ಎಲ್ಲಿಗೆ ಹೋಗುತ್ತೀರಿ ಎಂದು ನಾನು ಕೇಳಲಿಲ್ಲ. ಒಮ್ಮೆ ಯಾವೂರು ಎಂದು ಕೇಳಿ ಪಟ್ಟ ಪಾಡು ಸಾಕಾಗಿತ್ತು.

ಈಗ ಟಿ.ಸಿ.ಯನ್ನು ಕಂಪ್ಯೂಟರೇ ಬರೆಯುತ್ತದೆ, ರಾಷ್ಟ್ರೀಯತೆಯನ್ನೂ ಅದೇ ತುಂಬಿಕೊಳ್ಳುತ್ತದೆ. ಅದಕ್ಕೂ ಮುಂಚೆ ನಾನು 'ಭಾರತೀಯ' ಎಂದು ಒಂದು ರಬ್ಬರ್ ಸ್ಟಾಂಪು ಮಾಡಿಸಿಟ್ಟಿದ್ದೆ. ಅವತ್ತು ಕರೆಂಟು ಇರಲಿಲ್ಲ, ಸ್ಟಾಂಪಿನ ಪ್ಯಾಡು ಒಣಗಿ ಕಲ್ಲಾಗಿತ್ತು. ಹಳೆಯ ಟಿ.ಸಿ. ಪುಸ್ತಕ ತೆಗೆದು ಇಂಕ್ ಪೆನ್ನಿನಲ್ಲಿ ಬರೆಯಲು ಕುಳಿತೆ. ಹೆಸರು, ತಂದೆ, ಜೂನ್ ಒಂದು, ರಾಮನಗರ. ರಾಷ್ಟ್ರೀಯತೆಯ ಮುಂದೆ ಬಂದಾಗ ಕೈ ನಿಂತಿತು. ಕಾನೂನು ಬಲ್ಲವರು ಇದನ್ನು ಓದಿದರೆ ಏನೆನ್ನುತ್ತಾರೋ ನನಗೆ ಗೊತ್ತಿಲ್ಲ. ನನ್ನ ಪುಸ್ತಕದಲ್ಲಿ ಏನಿತ್ತೋ ಅದನ್ನೇ ನಕಲು ಮಾಡಬೇಕಾದದ್ದು ನನ್ನ ಕೆಲಸ. ಆದರೆ ಈ ಸಲ ಕೈ ತನ್ನ ಪಾಡಿಗೆ ಬರೆಯಲಿಲ್ಲ, ನಾನೇ ಬರೆದೆ.

ಮೊಯ್ನಾ ಮೇಜಿನ ಮೇಲೆ ಬಗ್ಗಿ ನೋಡುತ್ತಿದ್ದಳು. ಗೀಟಿನ ಕಥೆ ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. "ಎರಡ್ ಗೀಟ್ ಎಳಿಯಲ್ವಾ ಮೇಡಂ?"

"ಇದರಲ್ಲಿ ಮೇಲೆ ಯಾರೂ ಇಲ್ವಲ್ಲೇ" ಎಂದೆ.

ರೋಕೇಯಾಗೆ ಓದು ಬಾರದು. ನಾವು ಮಾತಾಡುತ್ತಿರುವುದು ಯಾವುದರ ಬಗ್ಗೆ ಎಂದು ಮಾತ್ರ ಅವಳಿಗೆ ತಿಳಿದಿತ್ತು. "ಅದು ಎಲ್ಲೈತೆ?" ಎಂದು ಕೇಳಿದಳು. ಮಗಳು ತೋರಿಸಿದಳು. ರೋಕೇಯಾ ಆ ನಾಲ್ಕು ಅಕ್ಷರಗಳ ಮೇಲೆ ತೋರುಬೆರಳಿಟ್ಟು ಈ ತುದಿಯಿಂದ ಆ ತುದಿಗೆ ಎಳೆದಳು.

"ಇಷ್ಟೇಯಾ ಮೇಡಂ? ಇಷ್ಟ್ ಸಣ್ಣದಾ?"

ಇಂಕು ಇನ್ನೂ ಒಣಗಿರಲಿಲ್ಲ. ಅಕ್ಷರ ಒಸಿ ಮಸುಕಾಯಿತು, ಗೆರೆಯಳಿಸಿದ ಆ ಬೆರಳ ತುದಿಗೆ ನೀಲಿ ಹತ್ತಿತು. ಒರೆಸಿಕೋ ಎಂದು ಬೋರ್ಡು ಒರೆಸುವ ಬಟ್ಟೆ ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ. ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡು, ಸೆರಗಿನೊಳಗೆ ಮುಚ್ಚಿಕೊಂಡಳು.

"ಇರ್ಲಿ ಬುಡಿ ಮೇಡಂ" ಎಂದಳು.